ಬಾವಿಗೋಡೆಯ ಮೂರು ಕುಂಡಗಳು

ಕೊರ್ದೊಬಾ
ಮೇ ೯, ಸೋಮವಾರ ಮಧ್ಯಾಹ್ನ

ಮಾನ್ಯ ಎಲಾದಿಯೊ ಅವರಿಗೆ,

ತಾವು ಕ್ಷೇಮವಾಗಿರುವಿರೆಂದು ಭಾವಿಸುತ್ತೇನೆ. ತಮ್ಮ ಅಕ್ಕನವರ ಮನೆಯ ಊಟ ತಿಂಡಿ ತಮಗೆ ಒಗ್ಗಿದೆಯೆಂದೂ, ನದಿಯ ಆಚೆ ದಡದ ಗಾಳಿ ತಮ್ಮ ಎದೆಗೆ ಹಿತವಾಗಿದೆಯೆಂದೂ...

ಇಲ್ಲ, ನನ್ನಿಂದ ಆಗುವುದಿಲ್ಲ. ಪತ್ರ ಮುಗಿಯುವವರೆಗೂ ‘ತಾವು’ ಎಂದೇ ಬರೆದು ನಿನ್ನನ್ನು ಉರಿಸಬೇಕು ಎಂದುಕೊಂಡಿದ್ದೆ. ಎರಡು ಸಾಲಿಗೇ ನನಗೇ ಉರಿಯತೊಡಗಿತು. ಎಲಾದಿಯೊ, ನಿನ್ನ ತಲೆಗೆ ಏನಾಗಿದೆ?

ಫೋನ್ ಮಾಡಿದರೆ ನಿನ್ನಕ್ಕ ಎನ್‌ಕಾರ್ನಾ ಎತ್ತುತ್ತಾಳೆ. “ಅವ್ನು ಮಲಗಿದಾನಮ್ಮ” ಅನ್ನುತ್ತಾಳೆ. ಹೋದ ಮೇ ತಿಂಗಳಿಂದ ಇಲ್ಲಿಯವರೆಗೆ ಎದ್ದೇ ಇಲ್ಲವೇ ನೀನು? ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ಇನ್ನೊಂದು ಅನುಕೂಲವಿದೆ, ನಾನು ಕಿರುಚಿದ್ದು ಬೀದಿಗೆ ಕೇಳಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಬಾಗಿಲು ಹಾಕಿದೆ. ಸಂಜೆ ತೆರೆದರೆ ಅಂಗಳ ನೋಡುವ ಜನ ಮತ್ತೆ ನುಗ್ಗುತ್ತಾರೆ, ಅಷ್ಟರೊಳಗೆ ಮುಗಿಸಬೇಕು.

ಮೊದಲು ಕೆಲಸದ ಮಾತು. ಗುರುವಾರ ನಮ್ಮ ಅಂಗಳ ನೋಡಲು ಊರಿನ ಹೂವಿನಂಗಳಗಳ ಸ್ಪರ್ಧೆಯ ತೀರ್ಪುಗಾರರು ಬರುತ್ತಾರೆ. ಮೇಲಿನ ಸಾಲಿನ ಕುಂಡಗಳಿಗೆ ನೀರುಣಿಸಲು ನನ್ನ ಭುಜ ಮೇಲೇಳುತ್ತಿಲ್ಲ. ಡಬ್ಬಿ ಕಟ್ಟಿದ ಆ ಉದ್ದನೆಯ ಗಳುವನ್ನು ನಾನು ಎತ್ತಿದರೆ ಅರ್ಧ ನೀರು ಜೆರೇನಿಯಂಗೆ, ಅರ್ಧ ನನ್ನ ಕುತ್ತಿಗೆಯೊಳಗೆ. ಮೇಲಿನ ಮಹಡಿಯ ಸೊಕೊರ್ರೊ ಕಿಟಕಿಯಲ್ಲಿ ಕೂತು ನಗುತ್ತಾಳೆಯೇ ಹೊರತು ಕೈ ಹಚ್ಚುವುದಿಲ್ಲ. ಆದ್ದರಿಂದ ನೀನು ಬುಧವಾರ ಬಂದು ನೀರು ಹಾಕಿ, ಗುರುವಾರ ತೀರ್ಪುಗಾರರ ಎದುರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತು, ನಿನ್ನ ದಾರಿ ಹಿಡಿದು ಹೋಗಬಹುದು. ಈ ಪತ್ರ ಬರೆದಿರುವುದು ಇಷ್ಟಕ್ಕೇ.

ಆದರೂ ಒಂದು ಮಾತು. ನೀನು ಈ ತಿಂಗಳು ಕಳೆದ ಮೇಲೆ ಎನ್‌ಕಾರ್ನಾಳ ಜೊತೆ ಮಾಲಗಾಕ್ಕೆ ಹೊರಡುತ್ತೀಯಂತೆ, ಅಲ್ಲಿಯೇ ನೆಲೆ ನಿಲ್ಲುತ್ತೀಯಂತೆ. ಬಸವನಹುಳುವಿನ ಸಾರು ಮಾರುವ ಗಾಡಿಯ ಹತ್ತಿರ ನಿನ್ನಕ್ಕ ಸೊಕೊರ್ರೊಗೆ ಹೇಳಿದಳು. ಸೊಕೊರ್ರೊ ಸಾರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು ನನಗೆ ಹೇಳಿದಳು. ನಿನ್ನ ಹೆಂಡತಿಗೆ ಸುದ್ದಿ ತಲುಪಿದ ದಾರಿ ನೋಡು. ನದಿ ದಾಟಿ ಹೋಗಿದ್ದವನು ಸೇತುವೆ ದಾಟಿ ಬರಬಹುದು. ಸಮುದ್ರದ ದಡಕ್ಕೆ ಹೋದವನು ಬರುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳದಷ್ಟು ದಡ್ಡಿ ನಾನಲ್ಲ.

ಇರಲಿ. ಈ ವರ್ಷದ ಜನರ ವಿಚಾರ ಹೇಳುತ್ತೇನೆ, ಇದನ್ನು ಬೇರೆ ಯಾರ ಹತ್ತಿರ ಹೇಳಲಿ? ಮೊದಲ ದಿನವೇ ಒಬ್ಬ ಮಹಾನುಭಾವ ನನ್ನ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಾಫಿ ಎಷ್ಟು ಹೊತ್ತಾಗುತ್ತೆ ಎಂದು ಕೇಳಿದ. ಇನ್ನೊಬ್ಬಳು ನೀಲಿ ಕುಂಡದ ಹೂವನ್ನು ಉಗುರಿನಿಂದ ಚಿವುಟಿ, “ಅಯ್ಯೋ, ನಿಜವಾದದ್ದೇ!” ಅಂದಳು. ಜರ್ಮನಿಯ ಗಂಡಹೆಂಡಿರು ಅಡುಗೆಮನೆಯೊಳಗೆ ಇಣುಕಿ, ಇಲ್ಲಿ ಹಿಂದೆ ಯಾರು ವಾಸವಾಗಿದ್ದರು ಎಂದು ಕೇಳಿದರು. ಬೆಳ್ಳುಳ್ಳಿ ಜಜ್ಜುತ್ತಿದ್ದ ನಾನು, “ನಾನೇ ಕಣಪ್ಪಾ, ಇನ್ನೂ ಸತ್ತಿಲ್ಲ” ಎಂದೆ. ಅದಕ್ಕೂ ಫೋಟೊ ತೆಗೆದುಕೊಂಡರು. ಬೆಳಗಿನಿಂದ ನಡುಬಾಗಿಸಿ ಸುಣ್ಣ ಹೊಡೆದ ಗೋಡೆಗೆ ಎಲ್ಲರೂ ಬೆನ್ನು ಒರೆಸಿಕೊಂಡು ಹೋಗುತ್ತಾರೆ.

ಅದೆಲ್ಲ ಸಹಿಸುತ್ತೇನೆ. ಸಹಿಸಲಾರದ್ದು ನೀನು ಬಿತ್ತಿಹೋದ ಸುಳ್ಳುಗಳನ್ನು. ಬರುವವರೆಲ್ಲ ಅವನ್ನೇ ಕೇಳುತ್ತಾರೆ. ಬಾವಿಯೊಳಗೆ ಸುಲ್ತಾನನ ಉಂಗುರ ಬಿದ್ದಿದೆಯಂತಲ್ಲ? ಬಿದ್ದಿರುವುದು ಸೊಕೊರ್ರೊಳ ಬಕೆಟ್ಟು. ನಿಂಬೆಗಿಡ ಡಮಾಸ್ಕಸ್‌ನಿಂದ ಒಂಟೆಯ ಮೇಲೆ ಬಂತಂತಲ್ಲ? ಅದು ನರ್ಸರಿಯಿಂದ ನಿನ್ನ ಮೊಪೆಡ್ಡಿನ ಹಿಂದೆ ಬಂತು, ದಾರಿಯಲ್ಲಿ ಎರಡು ಸಲ ಬಿತ್ತು. ನಾನು ನಿಜ ಹೇಳಿದರೆ ಅವರ ಮುಖ ಇಳಿದುಹೋಗುತ್ತದೆ. “ಹೋದ್ಸಲ ಇದ್ರಲ್ಲ, ಆ ಯಜಮಾನ್ರು ಎಲ್ಲಿ?” ಎಂದು ನನ್ನನ್ನು ದಾಟಿ ನೋಡುತ್ತಾರೆ. ಕಾಯಿಲೆ ಎಂದು ಹೇಳುತ್ತಿದ್ದೇನೆ. ಸೊಂಟದ ಕಾಯಿಲೆ ಎಂದಿದ್ದೇನೆ, ಬಂದರೆ ಸ್ವಲ್ಪ ಕುಂಟು.

ಈಗ ಬಾವಿಗೋಡೆಯ ವಿಷಯಕ್ಕೆ ಬರುತ್ತೇನೆ. ಬರದೆ ಬೇರೆ ದಾರಿಯಿಲ್ಲ.

ಆ ಗೋಡೆಯ ಪದ್ಧತಿ ನಿನ್ನಮ್ಮ ಮಾಡಿದ್ದು. ಈ ಮನೆಯ ತುಂಬ ಬಾಡಿಗೆಯ ಸಂಸಾರಗಳಿದ್ದ ಕಾಲದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅತ್ತೆ ಬಾವಿಯ ಮೇಲಿನ ಗೋಡೆಗೆ ಒಂದು ಕಬ್ಬಿಣದ ಬಳೆ ಹೊಡೆಸಿ, ಅದರಲ್ಲಿ ಒಂದು ಕುಂಡ ಇಡಿಸುತ್ತಿದ್ದರು. ಮಗು ತೀರಿಕೊಂಡರೆ ಕುಂಡ ಇಳಿಸುತ್ತಿದ್ದರು, ಬಳೆ ಹಾಗೇ ಉಳಿಯುತ್ತಿತ್ತು. ಸೊಕೊರ್ರೊಳ ತಮ್ಮನದು ಈಗಲೂ ಖಾಲಿ ಬಳೆ. ಅವಳು ಎಷ್ಟೇ ನಗುವವಳಾದರೂ ಆ ಗೋಡೆಗೆ ಸುಣ್ಣ ಬಳಿಯುವಾಗ ಆ ಬಳೆಯನ್ನು ಬಟ್ಟೆಯಿಂದ ಒರೆಸದೆ ಇಳಿಯುವುದಿಲ್ಲ.

ನಮ್ಮ ಮದುವೆಯಾದ ತಿಂಗಳಲ್ಲೇ ನೀನು ಏಣಿ ಹತ್ತಿ ಒಟ್ಟಿಗೆ ಮೂರು ಬಳೆ ಹೊಡೆದೆ, ಮೂರು ಕುಂಡ ಇಟ್ಟೆ. “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬಾರ್ದೋ” ಎಂದು ಅತ್ತೆ ಬೈದರು. ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ಏನಾಯಿತು, ಏನಾಗಲಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಡಾಕ್ಟರುಗಳೂ, ಹರಕೆಗಳೂ, ನನ್ನ ತಂಗಿಯರ ಸಲಹೆಗಳೂ ಎಲ್ಲ ಮುಗಿದವು. ಆ ಮೂರು ಕುಂಡಗಳ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ನೀನು ನೀರು ಹಾಕುತ್ತಿದ್ದೆ, ನಾನು ಆ ಕಡೆ ನೋಡುತ್ತಿರಲಿಲ್ಲ. ಹಾಗೆಯೇ ಬಾಳುವೆ ನಡೆದಿತ್ತು. ನಡೆಯುತ್ತಿತ್ತು ಎಂದು ನಾನು ತಿಳಿದಿದ್ದೆ.

ಹೋದ ಮೇ ತಿಂಗಳಲ್ಲಿ ನಾನು ಮೆಟ್ಟಿಲ ಮೇಲೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ನೀನು ಸರಗೋಸಾದಿಂದ ಬಂದ ಬಸ್ಸಿನ ಗುಂಪಿಗೆ ಗಳುವಿನ ತುದಿಯಿಂದ ಗೋಡೆ ತೋರಿಸುತ್ತಿದ್ದೆ. “ಇವ್ಳು ಇನೆಸ್, ನಮ್ ದೊಡ್ಮಗ್ಳು. ವಲೆನ್ಸಿಯಾದಲ್ಲಿ ನರ್ಸು. ಈಗ ಬಸುರಿ. ಇವ್ನು ಗಾಸ್ಪರ್, ರೈಲು ಓಡಿಸ್ತಾನೆ, ಮೀನು ಅಂದ್ರೆ ಮೂಗು ಮುಚ್ಕೋತಾನೆ. ಕೊನೇದು ಬ್ಲಾಂಕಾ. ಅದೊಂದು ಹಠಮಾರಿ, ಯಾರ್ ಮಾತೂ ಕೇಳಲ್ಲ.” ನಿನ್ನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಆಗಿಂದಾಗ ಹೊಸೆದ ಮಾತಾಗಿರಲಿಲ್ಲ ಅದು. ಸುಲ್ತಾನನ ಉಂಗುರದ ಕಥೆ ಹೇಳುವಾಗ ನಿನ್ನ ಎಡಗಣ್ಣು ಮಿಟುಕುತ್ತದೆ, ಇದಕ್ಕೆ ಮಿಟುಕಲಿಲ್ಲ.

ಆ ಬಸ್ಸಿನವರು ಕಣ್ಣೊರೆಸಿಕೊಂಡು ಹೋದರು. ಹಿಂದಿನಿಂದ ಬಂದ ಗುಂಪಿನವನೊಬ್ಬ ನನ್ನನ್ನು ನೋಡಿ, “ಅಮ್ಮಾ, ಅಜ್ಜಿ ಆಗ್ತಿದೀರಂತೆ, ಶುಭವಾಗ್ಲಿ” ಎಂದ. ಆಗ ನಾನು ಕಿರುಚಿದೆ. ನಮಗೆ ಮಕ್ಕಳಿಲ್ಲ, ಗೋಡೆಯ ಮೇಲಿರುವುದು ಬರೀ ಗಿಡ ಎಂದೆ. ನೀನು ಗಳುವನ್ನು ಗೋಡೆಗೆ ಒರಗಿಸಿ, ಜನರ ನಡುವೆ ದಾರಿ ಮಾಡಿಕೊಂಡು, ಬಾಗಿಲು ದಾಟಿ ಹೋದೆ. ಇವಳು ಹೊರಗಿನವರ ಮುಂದೆ ನನ್ನ ಮಾನ ಕಳೆದಳು ಎಂದು ಎನ್‌ಕಾರ್ನಾಳ ಹತ್ತಿರ ಹೇಳಿಕೊಂಡಿದ್ದೀಯಂತೆ. ನಿನ್ನ ಮಾನಕ್ಕೆ ಬೆಂಕಿ ಬೀಳಲಿ. ನಾನು ಸಿಟ್ಟಾದದ್ದು ನೀನು ಸುಳ್ಳು ಹೇಳಿದ್ದಕ್ಕೆ ಎಂದು ನೀನು ಈಗಲೂ ತಿಳಿದಿದ್ದೀಯಲ್ಲ, ಅದಕ್ಕೇ ನನಗೆ ತಲೆ ಚಚ್ಚಿಕೊಳ್ಳುವ ಹಾಗೆ ಆಗುತ್ತದೆ.

ಕೇಳು. ಇಷ್ಟು ವರ್ಷ ನೀನೊಬ್ಬನೇ ಮೂರು ಮಕ್ಕಳನ್ನು ಸಾಕಿದೆ. ಹೆಸರಿಟ್ಟೆ, ಓದಿಸಿದೆ, ಕೆಲಸಕ್ಕೆ ಸೇರಿಸಿದೆ, ಒಬ್ಬಳಿಗೆ ಮದುವೆಯನ್ನೂ ಮಾಡಿದೆ. ನನಗೆ ಒಂದು ಮಾತು ತಿಳಿಸಲಿಲ್ಲ. ಅದೇ ಮಂಚದಲ್ಲಿ ಪಕ್ಕದಲ್ಲಿ ಮಲಗಿ, ಅದೇ ಗೋಡೆಯ ಎದುರು ಕೂತು ಅವರೆಕಾಳು ಸುಲಿದು, ನಾನೊಬ್ಬಳೇ ಬರಿಗೈಯವಳು ಎಂದುಕೊಂಡು ಬದುಕಿದೆ. ಗಾಸ್ಪರ್‌ಗೆ ಮೀನು ಸೇರುವುದಿಲ್ಲ ಎಂದು ಸರಗೋಸಾದ ಹೆಂಗಸರಿಗೆ ಗೊತ್ತು, ನನಗೆ ಗೊತ್ತಿಲ್ಲ. ಇದು ಯಾವ ನ್ಯಾಯ?

ಅಕ್ಟೋಬರಿನಲ್ಲಿ ನಾನು ಆ ಮೂರು ಕುಂಡಗಳನ್ನು ಇಳಿಸಿದೆ. “ಬೇಡ ಕಣೇ, ಬರೀ ಬಳೆ ಬಿಡ್ಬೇಡ” ಎಂದು ಸೊಕೊರ್ರೊ ಮೆಟ್ಟಿಲಿಗೆ ಅಡ್ಡ ನಿಂತಳು. ನಾನು ಕೇಳಲಿಲ್ಲ. ತೊಟ್ಟಿಗೆ ಎಸೆದೆ ಎಂದು ಅವಳಿಗೆ ಹೇಳಿದ್ದೇನೆ. ನೀನೂ ಹಾಗೆಂದೇ ಕೇಳಿರಬೇಕು.

ಮೊನ್ನೆ ಶನಿವಾರ ಬೆಳಿಗ್ಗೆ ಸರಗೋಸಾದ ಬಸ್ಸು ಮತ್ತೆ ಬಂತು. ಅದರಲ್ಲಿ ಮಾತಿಲ್ದೆ ಎಂಬ ದಪ್ಪನೆಯ ಹೆಂಗಸು, ನಿನಗೆ ನೆನಪಿರುತ್ತದೆ, ಹೋದ ಸಲ ನಿನ್ನ ಕಥೆ ಕೇಳಿ ಎಲ್ಲರಿಗಿಂತ ಹೆಚ್ಚು ಅತ್ತವಳು. ಬೀಸಣಿಗೆ ಬೀಸಿಕೊಳ್ಳುತ್ತ ಒಳಗೆ ಬಂದಳು, ನನ್ನ ಕೆನ್ನೆಗೆ ಮುತ್ತಿಟ್ಟಳು, ಗೋಡೆಯತ್ತ ತಿರುಗಿದಳು. ಬೀಸಣಿಗೆ ನಿಂತುಹೋಯಿತು.

“ಮೂರೂನಾ?” ಅಂದಳು.

ನನಗೆ ಅರ್ಥವಾಗಲಿಲ್ಲ. ಏನು ಮೂರು ಎಂದೆ. “ಬಳೆ ಖಾಲಿ ಇದ್ರೆ ಮಗು ಇಲ್ಲ ಅಂತ ನಿಮ್ ಯಜಮಾನ್ರೇ ಹೇಳಿದ್ರಲ್ಲಮ್ಮಾ. ಮೂರೂ ಖಾಲಿ! ಅದಕ್ಕೇ ಅವರೂ ಕಾಣ್ತಿಲ್ಲ. ಅಯ್ಯೋ ನನ್ ತಾಯಿ, ಏನಾಯ್ತು? ಕಾರಾ?” ಎಂದು ನನ್ನನ್ನು ಎದೆಗೆ ಅವುಚಿಕೊಂಡು ಗೊಳೋ ಎಂದಳು. ಅವಳ ಎದೆಯಲ್ಲಿ ಸಿಕ್ಕಿಕೊಂಡು ನನಗೆ ಉಸಿರೂ ಬರಲಿಲ್ಲ, ಮಾತೂ ಬರಲಿಲ್ಲ. ಬಿಡಿಸಿಕೊಂಡ ಮೇಲಾದರೂ ನಿಜ ಹೇಳಬಹುದಿತ್ತು. ಇಲ್ಲ ಕಣಮ್ಮಾ, ಅವರು ಹುಟ್ಟಲೇ ಇಲ್ಲ ಎನ್ನಬಹುದಿತ್ತು. ಹೋದ ವರ್ಷ ಆ ಮಾತು ಅಂದಾಗ ನಿನ್ನ ಮುಖ ಹೇಗಾಯಿತೋ ಅದು ಕಣ್ಣಿಗೆ ಕಟ್ಟಿತು, ನಾಲಿಗೆ ಹೊರಳಲಿಲ್ಲ. ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಮೂರು ಹೆಣ ಎತ್ತಿದ ಹಾಗಾಯಿತು.

ಇಡೀ ಬಸ್ಸು ಸಾಲಾಗಿ ನಿಂತಿತು. ಗಂಡಸರು ಟೋಪಿ ತೆಗೆದರು. ಒಬ್ಬೊಬ್ಬರಾಗಿ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟು, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ ಎಂದು ಹೇಳಿ ಹೋದರು. ನಾನು ಯಾರಿಗೂ ಹುಟ್ಟದ ಮೂರು ಮಕ್ಕಳಿಗಾಗಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ. ಸುದ್ದಿ ಹೊರಗಿನ ಸಾಲಿಗೆ ದಾಟಿತು. ಆಮೇಲೆ ಬಂದವರೆಲ್ಲ ಪಿಸುಗುಟ್ಟುತ್ತ, ತುದಿಗಾಲಲ್ಲಿ ನಡೆಯುತ್ತ ಬಂದರು. ಒಬ್ಬನೂ ಶೌಚಾಲಯ ಎಲ್ಲಿ ಎಂದು ಕೇಳಲಿಲ್ಲ, ಒಬ್ಬಳೂ ಹೂ ಚಿವುಟಲಿಲ್ಲ. ಹಾಯೆನ್ ಊರಿನ ಮುದುಕಿಯೊಬ್ಬಳು ಬಾವಿಕಟ್ಟೆಯ ಮೇಲೆ ಮೇಣದಬತ್ತಿ ಹಚ್ಚಿಟ್ಟಳು. ಅವಳನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ನನ್ನ ಬಾವಿಕಟ್ಟೆ ಸಮಾಧಿಯಾಗಿತ್ತು.

ಸೊಕೊರ್ರೊ ಕಿಟಕಿಯಿಂದಲೇ ಶುರು ಮಾಡಿದಳು. “ಲೇ ಅರಾಸೆಲಿ, ಬಾಣಂತನ ಇಲ್ದೆ ಸೂತಕ ಬಂತಲ್ಲೇ ನಿಂಗೆ! ಆದ್ರೂ ಬಿಡು, ಈ ಸಲ ಬಹುಮಾನ ನಮ್ದೇ. ಇಂಥಾ ಮನೆಗೆ ಇಲ್ಲ ಅನ್ನೋಕೆ ಯಾವ್ ತೀರ್ಪುಗಾರನಿಗೆ ಬಾಯಿ ಬರುತ್ತೆ?” ಎಂದಳು. ನಾನು ಮೇಣದಬತ್ತಿ ಎತ್ತಿ ಅವಳ ಕಿಟಕಿಗೆ ಬೀಸಿದೆ. ತಗುಲಲಿಲ್ಲ. ಆಮೇಲೆ ಅವಳು ಕೆಳಗಿಳಿದು ಬಂದು, ನಗದೆ, ಉಳಿದ ಬತ್ತಿಗಳನ್ನು ನನ್ನ ಜೊತೆ ಆರಿಸಿದಳು. “ತಮಾಷೆ ಸಾಕು ಕಣೇ. ಖಾಲಿ ಬಳೆ ಅಂದ್ರೆ ಏನು ಅಂತ ನಂಗೊತ್ತು. ಒಂದನ್ನ ನೋಡೋದೇ ಕಷ್ಟ” ಎಂದಳು.

ನಿನ್ನೆ ಭಾನುವಾರ ಬಾಗಿಲು ತೆರೆಯುವ ಮೊದಲೇ ಯಾರೋ ತಟ್ಟಿದರು. ಮಾತಿಲ್ದೆ ಒಬ್ಬಳೇ ಬಂದಿದ್ದಳು. ಬಸ್ಸು ಹೊರಡುವುದರಲ್ಲಿತ್ತು. ರಾತ್ರಿಯಿಡೀ ಅತ್ತಿದ್ದಾಳೆ ಎಂದು ಅವಳ ಕಣ್ಣು ಹೇಳುತ್ತಿತ್ತು. ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು, ಮತ್ತೆ ಒಳಗಿಟ್ಟಳು, ಮತ್ತೆ ತೆಗೆದಳು. ಕೊನೆಗೆ ಬಿಚ್ಚಿ ತೋರಿಸಿದಳು. ಉಣ್ಣೆಯ ಪುಟ್ಟ ಟೋಪಿ, ಪುಟ್ಟ ಕಾಲುಚೀಲ. ಇನೆಸ್‌ಳ ಮಗುವಿಗೆಂದು ಚಳಿಗಾಲದಲ್ಲಿ ಕೂತು ಹೆಣೆದದ್ದಂತೆ. ತನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಹೆಣೆದೆ ಎಂದಳು. ನಿನ್ನ ಮಾತು ನಂಬಿ, ಎಲಾದಿಯೊ! ಇಲ್ಲದ ತಾಯಿಯ ಇಲ್ಲದ ಕೂಸಿಗೆ!

“ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಮಗೂನೂ...?” ಅಂದಳು.

ನನಗೆ ಏನಾಯಿತೋ ಗೊತ್ತಿಲ್ಲ. “ಇಲ್ಲ! ಇಲ್ಲ! ಯಾರಿಗೂ ಏನೂ ಆಗಿಲ್ಲ!” ಎಂದು ಕಿರುಚಿದೆ. ಹೋದ ವರ್ಷಕ್ಕಿಂತ ಜೋರಾಗಿಯೇ ಕಿರುಚಿರಬೇಕು, ಸೊಕೊರ್ರೊ ಕಿಟಕಿ ತೆರೆದಳು. ಸುಣ್ಣ ಹೊಡೆಯಲು ಕುಂಡ ಇಳಿಸಿದ್ದೆವು, ಮತ್ತೆ ಏರಿಸಲು ಆಗಲಿಲ್ಲ, ನನ್ನ ಗಂಡನಿಗೆ ಸೊಂಟ, ನನಗೆ ಭುಜ, ಶನಿವಾರ ನನಗೆ ಬಾಯಿ ಕಟ್ಟಿತ್ತು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಕ್ಕಳೆಲ್ಲ ಚೆನ್ನಾಗಿದ್ದಾರೆ ಎಂದೆ. ಮಕ್ಕಳು. ನನ್ನ ಬಾಯಿಂದಲೇ ಬಂತು ಆ ಮಾತು. ಮಾತಿಲ್ದೆ ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, ಅತ್ತು, ನಕ್ಕು, ದೇವರಿಗೆ ಕೈಮುಗಿದು, ಮಗುವಿನ ಬಗ್ಗೆ ನೂರು ಪ್ರಶ್ನೆ ಕೇಳಿದಳು. ಏನೋ ಒಂದು ಹೇಳಿ ಕಳಿಸಿದೆ. ಟೋಪಿ ಇಲ್ಲೇ ಇದೆ.

ಅವಳು ಹೋದ ಮೇಲೆ ಸೊಕೊರ್ರೊ ಏಣಿ ಹಿಡಿದಳು, ನಾನು ಹತ್ತಿದೆ. ಕುಂಡಗಳನ್ನು ಎಸೆದಿರಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿದ್ದವು. ಮೂರೂ ಗಿಡ ಬದುಕಿವೆ. ಒಗೆದ ನೀರು ಆಗಾಗ ಸಿಡಿದಿರಬೇಕು, ಬೇರೆ ಏನೂ ಕಲ್ಪಿಸಿಕೊಳ್ಳಬೇಡ. ಬ್ಲಾಂಕಾ ಅಂತೂ ಕತ್ತಲಲ್ಲೇ ಮೊಗ್ಗು ಬಿಟ್ಟಿದ್ದಾಳೆ. ಮತ್ತೆ ಅವೇ ಬಳೆಗಳಲ್ಲಿ ಕೂರಿಸಿದ್ದೇನೆ. ಯಾವುದು ಎಲ್ಲಿತ್ತು ಎಂದು ನೆನಪಿರಲಿಲ್ಲ, ಗಾಸ್ಪರ್ ಈಗ ಎಡಕ್ಕಿದ್ದಾನೋ ಏನೋ. ನೀನೇ ನೋಡಿ ಹೇಳಬೇಕು.

ಈಗ ನನ್ನ ಪಾಡು ಕೇಳು. ಬಂದವರೆಲ್ಲ ಅವರ ಬಗ್ಗೆ ಕೇಳುತ್ತಾರೆ. ಇನೆಸ್‌ಳ ಗಂಡ ಯಾರು? ಅವಳು ಫೋನ್ ಮಾಡುತ್ತಾಳೋ ಇಲ್ಲವೋ? ಗಾಸ್ಪರ್ ಯಾರ ಹಾಗಿದ್ದಾನೆ, ನಿನ್ನ ಹಾಗೋ, ನಮ್ಮಪ್ಪನ ಹಾಗೋ? ಬ್ಲಾಂಕಾ ಏನು ಓದುತ್ತಿದ್ದಾಳೆ, ಅಥವಾ ಓದು ಬಿಟ್ಟಳೋ? ನಾನು ತಾಯಿಯಂತೆ, ನನಗೆ ಏನೂ ಗೊತ್ತಿಲ್ಲ! ಇಷ್ಟು ವರ್ಷ ನೀನೊಬ್ಬನೇ ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನೆಲ್ಲ ಬಂದು ನನ್ನೆದುರು ಬಿಚ್ಚು. ಮೊದಲಿನಿಂದ ಹೇಳಬೇಕು. ಯಾವಾಗ ನಡೆದರು, ಯಾರಿಗೆ ದಡಾರ ಬಂತು, ಯಾರು ನನ್ನ ಮಾತು ಕೇಳುತ್ತಿದ್ದರು, ಯಾರು ಕೇಳುತ್ತಿರಲಿಲ್ಲ. ಹೋದ ಸಲ ಕಿರುಚಿದ್ದು ತಪ್ಪಾಯಿತು ಎಂದು ನನ್ನ ಬಾಯಿಂದ ಹೊರಡಿಸಬಹುದು ಎಂದುಕೊಂಡಿದ್ದರೆ ಅದು ಆಗದ ಮಾತು. ನನಗೂ ಪಾಲು ಬೇಕಿತ್ತು, ನೀನು ಕೊಡಲಿಲ್ಲ, ಕಿರುಚಿದೆ.

ಮಾಲಗಾಕ್ಕೆ ಹೋಗುವುದಾದರೆ ಹೋಗು. ಆದರೆ ಮೂವರು ಮಕ್ಕಳ ತಂದೆ ಅವರನ್ನು ಗೋಡೆಯ ಮೇಲೆ ಬಿಟ್ಟು ಹೋದ ಎಂದು ಬರುವ ಬಸ್ಸಿಗೆಲ್ಲ ಹೇಳುತ್ತೇನೆ. ನನಗೂ ಈಗ ಕಥೆ ಹೇಳಲು ಬರುತ್ತದೆ, ನೆನಪಿಟ್ಟುಕೊ.

ಬುಧವಾರ ಬಾ. ಊಟಕ್ಕೆ ತಣ್ಣನೆಯ ಟೊಮೆಟೊ ಸಾರು ಮಾಡಿರುತ್ತೇನೆ, ನಿನಗೆಂದಲ್ಲ, ಸೆಕೆ ಎಂದು. ಎನ್‌ಕಾರ್ನಾಗೆ ನಮಸ್ಕಾರ ಹೇಳಬೇಡ.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಹೆಂಡತಿ,
ಅರಾಸೆಲಿ

ಮರೆತ ಮಾತು: ಇನೆಸ್‌ಗೆ ಹೆಣ್ಣು ಮಗು. ಮಾತಿಲ್ದೆ ಕೇಳಿದಾಗ ಬಾಯಿಗೆ ಬಂದದ್ದು ಅದೇ. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆ. ಇವತ್ತು ಬೆಳಿಗ್ಗೆ ಕಮ್ಮಾರನನ್ನು ಕರೆಸಿ ಮೂರು ಕುಂಡಗಳ ಕೆಳಗೆ ಒಂದು ಚಿಕ್ಕ ಬಳೆ ಹೊಡೆಸಿ ಪುಟ್ಟ ಕುಂಡ ಇಟ್ಟಿದ್ದೇನೆ, ಗಳು ಇಲ್ಲದೆ ನನ್ನ ಕೈಗೇ ಎಟುಕುವ ಎತ್ತರದಲ್ಲಿ. ಹೆಸರು ನಾನೇ ಇಟ್ಟೆ, ಈ ಸಲ ನಿನ್ನನ್ನು ಕೇಳಲಿಲ್ಲ. ಏನು ಹೆಸರು ಎಂದು ಮಾತಿಲ್ದೆ ಎಷ್ಟು ಗೋಗರೆದರೂ ಹೇಳಲಿಲ್ಲ. ಮೊದಲು ಅದರ ಅಜ್ಜನಿಗೆ ಹೇಳಬೇಕು ಎಂದೆ.